ನಮ್ಮ ರಕ್ತ ಯಾರ ಲೆಕ್ಕದಲ್ಲಿದೆ?

ಎದೆಯಲ್ಲಿ ಗಂಟು ಕಂಡ ಹೆಂಗಸಿಗೆ ಇವತ್ತೂ 'ತಾಯಿ ಕಡೆಯ ಕರ್ಮ' ಅಂತಾರೆ. ಕರ್ಮವೂ ಇಲ್ಲ, ಮಣ್ಣೂ ಇಲ್ಲ. ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ 5ರಿಂದ 10 ಮಾತ್ರ ವಂಶದಿಂದ ಬರುವಂಥವು. ಬಿಆರ್‌ಸಿಎ-1, ಬಿಆರ್‌ಸಿಎ-2 ಎಂಬ ಜೀನುಗಳ ದೋಷ ಅದರಲ್ಲಿ ಮುಖ್ಯ. ಅದು ಅಪ್ಪನಿಂದಲೂ ಅಷ್ಟೇ ಬರುತ್ತೆ. ಈ ಮಾತನ್ನು ಗಂಡಸರ ಮುಂದೆ ಹೇಳಿ ನೋಡಿ!

ಜೀನಿನ ಯಾವ ಬದಲಾವಣೆ ಅಪಾಯ, ಯಾವುದಲ್ಲ ಎಂದು ಹೇಳುವ ಪಟ್ಟಿಗಳಲ್ಲಿ ತುಂಬಿರುವುದು ಬಹುಪಾಲು ಯುರೋಪ್ ಮೂಲದವರ ರಕ್ತ. ನಮ್ಮ ಹೆಂಗಸು ಪರೀಕ್ಷೆ ಮಾಡಿಸಿದರೆ ಎಷ್ಟೋ ಸಲ 'ಅರ್ಥ ಖಚಿತವಿಲ್ಲ' ಎಂಬ ಚೀಟಿ ಬರುತ್ತೆ. ಸ್ತನ ತೆಗೆಸಬೇಕೋ, ಮಗಳಿಗೂ ಪರೀಕ್ಷೆ ಬೇಕೋ, ಆ ಚೀಟಿ ನೋಡಿ ಡಾಕ್ಟರೂ ಹೇಳಲಾರರು.

ಒಳಮದುವೆಯೇ ಜಾತಿಯ ತಿರುಳು ಎಂದು ಅಂಬೇಡ್ಕರ್ 1916ರಲ್ಲೇ ಹೇಳಿದ್ದರು. 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳ ಜೀನು ನೋಡಿದ ವಿಜ್ಞಾನಿಗಳಿಗೆ ಅದರ ಗುರುತು ಸಿಕ್ಕಿತು. 81 ಗುಂಪುಗಳು ಕೆಲವೇ ಪೂರ್ವಜರಿಂದ ಹಬ್ಬಿದವು. ಆ ಇಕ್ಕಟ್ಟು ಅಶ್ಕೆನಾಜಿ ಯಹೂದಿಗಳಿಗಿಂತ ಹೆಚ್ಚು. ಶುದ್ಧ ರಕ್ತ ಎಂದು ಮೀಸೆ ತಿರುವುವ ಜಾತಿಗಳೂ ಅಲ್ಲಿವೆ, ನಗು ಬರುತ್ತೆ. ಆ ಯಹೂದಿಗಳಲ್ಲಿ 40 ಮಂದಿಗೆ ಒಬ್ಬರಲ್ಲಿ ಬಿಆರ್‌ಸಿಎ ದೋಷವಿದೆ ಎಂದು ಗೊತ್ತಾದದ್ದು ಅವರನ್ನು ಹುಡುಕಿ ಪರೀಕ್ಷಿಸಿದ್ದರಿಂದ. ನಮ್ಮ ಹಟ್ಟಿ, ಹಾಡಿ, ತಾಂಡಾಗಳನ್ನು ಹಾಗೆ ಎಣಿಸೋದು ಯಾವಾಗ?

ನಾಳೆ ಯಾರಾದರೂ ಸೂಜಿ ಹಿಡಿದು ಕೇರಿಗೆ ಬಂದಾರು. ಮೇಷ್ಟ್ರೆ, ಆಗ ನೀವು ಪಕ್ಕದಲ್ಲಿರಿ. ಫಲಿತಾಂಶವನ್ನು ಕನ್ನಡದಲ್ಲಿ ಬರೆದುಕೊಡ್ತೀರಾ, ಜಿಲ್ಲಾಸ್ಪತ್ರೆಯಲ್ಲಿ ಪುಕ್ಕಟೆ ಪರೀಕ್ಷೆ, ಚಿಕಿತ್ಸೆ ಕೊಡ್ತೀರಾ ಅಂತ ಕೇಳಿ. ಇಲ್ಲ ಅಂದರೆ ನಮ್ಮ ಹೆಣ್ಣುಮಕ್ಕಳು ತೋಳು ಚಾಚುವುದಿಲ್ಲ.