ನೀಲಿ ಮಾತ್ರೆ ದಾಸವಾಳದ ಬುಡಕ್ಕಲ್ಲ



‘ಆರೋಗ್ಯವೇ ಭಾಗ್ಯ’ ಎಂದು ನಾವೆಲ್ಲ ಪ್ರಬಂಧದಲ್ಲಿ ಬರೆದು ಅಂಕ ತಗೊಂಡಿದ್ದೇವೆ. ಆದರೆ ಸೋಮವಾರ ಕೊಡುವ ನೀಲಿ ಮಾತ್ರೆಯನ್ನು ಏನು ಮಾಡುತ್ತೇವೆ? ಕೈತೋಟದ ದಾಸವಾಳದ ಬುಡ ನೋಡಿದರೆ ಗೊತ್ತಾಗುತ್ತದೆ. ಹೋದ ವಾರ ಕಳೆ ಕೀಳುವಾಗ ಅಲ್ಲಿ ಏಳು ಮಾತ್ರೆ ಸಿಕ್ಕವು.

ಸುಳ್ಳು ಹೇಳಲ್ಲ, ಹೋದ ವರ್ಷ ನಾನೂ ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಕೊಂಡು ಹೊರಗೆ ಬಂದು ಉಗುಳುತ್ತಿದ್ದೆ. ವಾಂತಿ ಬರುತ್ತೆ, ಮಲ ಕಪ್ಪಗಾಗುತ್ತೆ ಅಂತ ದೊಡ್ಡ ಕ್ಲಾಸಿನ ಅಕ್ಕಂದಿರು ಹೆದರಿಸಿದ್ದರು. ಬೇಸಿಗೆ ರಜೆಯಲ್ಲಿ ನೀರಿನ ಕೊಡ ಹೊತ್ತು ಬರುವಾಗ ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಟೆ. ಅವ್ವ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದಳು. ಆಮೇಲೆ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದರೆ ಹಿಮೋಗ್ಲೋಬಿನ್ 8.6 ಇತ್ತು. ನಮ್ಮ ವಯಸ್ಸಿನ ಹುಡುಗಿಯರಿಗೆ 12 ಗ್ರಾಂ ಆದರೂ ಇರಬೇಕು. ಅವ್ವನದೂ ನೋಡಿಸಿದೆವು. ನನಗಿಂತ ಕಡಿಮೆ ಇತ್ತು.

ಆ ಸಣ್ಣ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ಕಬ್ಬಿಣ ಸಾಲದಿದ್ದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಇರಲ್ಲ. ಅದಕ್ಕೇ ಸುಸ್ತು, ತಲೆಸುತ್ತು, ಪಾಠ ತಲೆಗೆ ಹತ್ತದಿರುವುದು. ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ ಮಲ ಕಪ್ಪಾಗುತ್ತದೆ, ಅದು ರೋಗವಲ್ಲ.

‘ಇದು ಹುಡುಗೀರ ಮಾತ್ರೆ’ ಅಂತ ಕೆಲವು ಹುಡುಗರು ನಗುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ, ಹುಡುಗರಲ್ಲಿ 31 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ನಗುವವರು ಒಂದು ಸಲ ಬೆರಳು ಚುಚ್ಚಿಸಿಕೊಂಡು ನೋಡಲಿ.

ಗುರುಗಳಲ್ಲಿ ಒಂದು ವಿನಂತಿ. ಪ್ರಾರ್ಥನೆ ಆದ ಕೂಡಲೇ ಮಾತ್ರೆ ಕೊಡುತ್ತೀರಿ. ನಮ್ಮಲ್ಲಿ ಎಷ್ಟೋ ಜನ ಬರೀ ಟೀ ಕುಡಿದು ಬಂದಿರುತ್ತೇವೆ. ಖಾಲಿ ಹೊಟ್ಟೆಗೆ ಬಿದ್ದರೆ ಹೊಟ್ಟೆ ತೊಳಸುತ್ತದೆ, ಟೀ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಕೊಟ್ಟರೆ ಉಗುಳುವವರು ಕಡಿಮೆಯಾಗುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಗೆಳತಿಯರೇ, ಗೆಳೆಯರೇ, ಮಾತ್ರೆ ಒಂದೇ ಸಾಲದು. ಸೊಪ್ಪಿನ ಸಾರಿಗೆ ನಿಂಬೆಹುಳಿ ಹಿಂಡಿಕೊಳ್ಳಿ, ಸೀಬೆ, ನೆಲ್ಲಿಕಾಯಿ ತಿನ್ನಿ. ಹುಳಿಯಿದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಬಯಲಿಗೆ, ಹೊಲಕ್ಕೆ ಬರಿಗಾಲಲ್ಲಿ ಹೋಗಬೇಡಿ. ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಫೆಬ್ರವರಿ 10, ಆಗಸ್ಟ್ 10ರ ಜಂತುಹುಳು ದಿನದ ಮಾತ್ರೆಯನ್ನೂ ತಪ್ಪಿಸಬೇಡಿ, ಅಗಿದು ತಿನ್ನಿ.

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಅವ್ವ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದಳು. ಆಗ ಪಾತ್ರೆಯಲ್ಲಿ ಕಾಳೂ ಇರಲ್ಲ, ಸೊಪ್ಪೂ ಇರಲ್ಲ, ಬರೀ ತಿಳಿ. ಈಗ ಅವಳನ್ನು ಜೊತೆಗೇ ಕೂರಿಸಿಕೊಳ್ಳುತ್ತೇನೆ. ಇಬ್ಬರೂ ಮೂರು ತಿಂಗಳು ಆಸ್ಪತ್ರೆಯ ಮಾತ್ರೆ ನುಂಗಿದೆವು. ನನ್ನದು 11ಕ್ಕೆ ಬಂದಿದೆ, ಅವ್ವನದು ಇನ್ನೂ ಏರಬೇಕು.

ತಪ್ಪು ಬರೆದಿದ್ದರೆ ಕ್ಷಮಿಸಿ. ಮುಂದಿನ ಸೋಮವಾರ ದಾಸವಾಳದ ಬುಡವನ್ನು ಮತ್ತೆ ನೋಡ್ತೀನಿ.

– 9ನೇ ತರಗತಿಯ ವಿದ್ಯಾರ್ಥಿನಿ