ಪಾಳುಬಿದ್ದ ಬನವೆನ್ನುವ ಮುನ್ನ

ಘಟ್ಟವಿಳಿದು ಕುಂದಾಪುರವನ್ನು ಹಾದು ದಕ್ಷಿಣಕ್ಕೆ ಸಾಗಿದರೆ ಸಿಗುವ ಊರು ಕೋಟೇಶ್ವರ. ಕೋಟಿಲಿಂಗೇಶ್ವರನ ದೇಗುಲದಿಂದಲೂ ವಿಶಾಲವಾದ ಕೋಟಿತೀರ್ಥದಿಂದಲೂ ಹೆಸರಾದ ಈ ಊರಿನ ಆಸುಪಾಸಿನಲ್ಲಿ, ಗದ್ದೆಬಯಲಿನ ಅಂಚಿನಲ್ಲೋ ಹಳೆಯ ಮನೆಯ ಹಿತ್ತಿಲ ಮೂಲೆಯಲ್ಲೋ, ಹಗಲಲ್ಲೂ ಕತ್ತಲು ಕವಿದಂತಿರುವ ಹಸಿರಿನ ತುಂಡುಗಳು ಕಾಣಸಿಗುತ್ತವೆ. ಸುರಗಿ, ಹೊನ್ನೆ, ಹಾಲೆ, ಬೈನೆಯಂತಹ ಮರಗಳು. ಅವುಗಳನ್ನು ಬಿಗಿದಪ್ಪಿದ ಬಳ್ಳಿಗಳು. ಬುಡದಲ್ಲಿ ಪಾಚಿಗಟ್ಟಿದ ನಾಗನ ಕಲ್ಲುಗಳು. ಕೆಲವು ನಾಗಬನಗಳ ವಿಸ್ತೀರ್ಣ ಐದು ಸೆಂಟ್ಸ್ ಕೂಡ ಇಲ್ಲ. ಇದು ಯಾರದೆಂದು ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ: "ಯಾರದೋ ಬನ, ಈಗ ನೋಡುವವರಿಲ್ಲ."

ಈ ಒಂದು ಮಾತು ಕೊಡಲಿಗಿಂತ ಹರಿತವಾದುದು. ನೋಡುವವರಿಲ್ಲ ಎಂದಾದೊಡನೆ ನೋಡಿಕೊಳ್ಳುವ ಹುಮ್ಮಸ್ಸಿನವರು ಮುಂದೆ ಬರುತ್ತಾರೆ. ದತ್ತು ಸ್ವೀಕಾರ, ಜೀರ್ಣೋದ್ಧಾರ, ಸ್ವಚ್ಛತಾ ಕಾರ್ಯಕ್ರಮ ಎಂಬ ಹೆಸರುಗಳು ಹುಟ್ಟಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಬನಕ್ಕೆ ಒದಗುವ ಗತಿ ಎಷ್ಟೋ ಸಲ ಅನಾಥವಾಗಿದ್ದಾಗಿನ ಗತಿಗಿಂತ ಕೆಟ್ಟದ್ದು. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ ಎಂಬ ಸರಳ ವಿವೇಕವನ್ನು ಕಳೆದುಕೊಂಡದ್ದೇ ಇದಕ್ಕೆ ಕಾರಣ.

ಒಡೆಯರು ಎಲ್ಲಿ ಹೋದರು?

ಬನಗಳು ಅನಾಥವಾಗಿ ಕಾಣುವುದಕ್ಕೆ ಭಕ್ತಿಯ ಕೊರತೆ ಕಾರಣವಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಹಾಗೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ತರುವಾಯ ಕರಾವಳಿಯ ದೊಡ್ಡ ಕೂಡುಕುಟುಂಬಗಳು ಪಾಲಾದವು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರಿಗೆ ಭೂಮಿಯ ಹಕ್ಕು ದೊರೆಯಿತು. ಉಳುವವನಿಗೆ ನೆಲ ಸಿಕ್ಕಿದ್ದು ನ್ಯಾಯವೇ. ಆದರೆ ಗದ್ದೆಯ ನಡುವೆ ಇದ್ದ ಬನದ ಪಹಣಿ ಒಬ್ಬರ ಹೆಸರಿನಲ್ಲಿ, ಬನದ ನಾಗ ಇನ್ನೊಂದು ಕುಟುಂಬದ ನೆನಪಿನಲ್ಲಿ ಎಂಬ ಸ್ಥಿತಿ ಅನೇಕ ಕಡೆ ಉಂಟಾಯಿತು. ಅದರ ಜೊತೆಗೆ ಹೋಟೆಲು ಕೆಲಸಕ್ಕೆಂದು ಮುಂಬಯಿಗೆ, ಬೆಂಗಳೂರಿಗೆ ಹೊರಟ ತಲೆಮಾರುಗಳು. ಅವರು ಬನವನ್ನು ಬಿಟ್ಟುಕೊಡಲಿಲ್ಲ. ಬನದಿಂದ ದೂರವಾದರು, ಅಷ್ಟೆ.

ದೂರವಾದವರು ಮರಳುತ್ತಾರೆ ಎಂಬುದಕ್ಕೆ ಕರಾವಳಿಯೇ ಸಾಕ್ಷಿ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಯಾರೂ ಕಾಲಿಡದ ಬನಕ್ಕೆ ನಾಗರಪಂಚಮಿಯಂದು ಒಂದು ಕುಟುಂಬ ಬರುತ್ತದೆ. ಹಾಲು, ಎಳನೀರು, ಅರಿಶಿನ, ಹಿಂಗಾರ ಅರ್ಪಿಸಿ ಕೈಮುಗಿದು ಹೊರಟುಹೋಗುತ್ತದೆ. ಪ್ರಶ್ನೆ ಇಡಿಸಿ, ಹಿರಿಯರನ್ನು ವಿಚಾರಿಸಿ, ಎರಡು ತಲೆಮಾರಿನ ನಂತರ ಮೂಲಬನವನ್ನು ಹುಡುಕಿಕೊಂಡು ಬರುವವರೂ ಇದ್ದಾರೆ. ಹಾಗೆ ಬಂದವರಿಗೆ ತಮ್ಮ ಹಿರಿಯರು ಕೈಮುಗಿದ ಮರ ಸಿಗಬೇಕೇ ಹೊರತು ಬೇರೊಬ್ಬರ ಹೆಸರಿನ ಅಮೃತಶಿಲೆಯ ಫಲಕವಲ್ಲ.

ಸಿಮೆಂಟಿನ ಭಕ್ತಿ, ಫಲಕದ ಸೇವೆ

ಬನವನ್ನು ಕೈಗೆತ್ತಿಕೊಳ್ಳುವವರಲ್ಲಿ ಎರಡು ಬಗೆ. ಮೊದಲನೆಯವರು ಹಣವುಳ್ಳ ಭಕ್ತರು. ಇವರಿಗೆ ಮರವೆಂದರೆ ಕಸ ಬೀಳಿಸುವ ವಸ್ತು, ಹುತ್ತವೆಂದರೆ ಮಣ್ಣಿನ ರಾಶಿ. ಆದ್ದರಿಂದ ಬೇರು ಕಡಿದು ಕಟ್ಟೆ, ಕಟ್ಟೆಯ ಸುತ್ತ ಇಂಟರ್‌ಲಾಕ್ ಹಾಸು, ಮೇಲೆ ತಗಡಿನ ಮಾಡು, ಹೊರಗೆ ಕಬ್ಬಿಣದ ಗೇಟು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಸೀಮೆಯಲ್ಲಿ ನೀರನ್ನು ನೆಲಕ್ಕೆ ಇಳಿಸಿ ನೆರೆಯ ಬಾವಿಗಳಿಗೆ ಉಣಿಸುತ್ತಿದ್ದ ತಾಣ ಹೀಗೆ ಚರಂಡಿಗೆ ನೀರು ಹರಿಸುವ ಅಂಗಳವಾಗುತ್ತದೆ. ನಾಗರಹಾವಿಗೆ ಬಿಲವಿಲ್ಲ, ಕಪ್ಪೆಗೆ ತೇವವಿಲ್ಲ, ಸುರಗಿಯ ಬೀಜ ಮೊಳೆಯಲು ಅಂಗೈಯಗಲ ಮಣ್ಣಿಲ್ಲ. ನಾಗನಿಗೆ ಮನೆಯಿಲ್ಲದ ನಾಗಬನ! ಇದಕ್ಕಿಂತ ಮಿಗಿಲಾದ ವಿಡಂಬನೆ ಉಂಟೇ?

ಎರಡನೆಯವರು ಪರಿಸರಪ್ರಿಯರು. ಇವರ ತಪ್ಪನ್ನು ಹೇಳುವುದು ಕಷ್ಟ, ಏಕೆಂದರೆ ಇವರ ಉದ್ದೇಶ ಶುದ್ಧವಾದುದು. ಭಾನುವಾರದ ಶ್ರಮದಾನಕ್ಕೆ ಬಂದ ವಿದ್ಯಾರ್ಥಿಗಳು ಕತ್ತಿ ಹಿಡಿದು ಬನದೊಳಗಿನ ಪೊದೆ, ಬಳ್ಳಿ, ಎಳೆಯ ಸಸಿಗಳನ್ನೆಲ್ಲ ಸವರಿ ತರಗೆಲೆಯನ್ನು ಗುಡಿಸಿ ಸುಡುತ್ತಾರೆ. ಬಳಿಕ ನರ್ಸರಿಯಿಂದ ತಂದ ಸಸಿಗಳನ್ನು ಸಾಲಾಗಿ ನೆಡುತ್ತಾರೆ. ಕೊನೆಗೆ ದಾರಿಗೆ ಮುಖಮಾಡಿ ಫಲಕ ನಿಲ್ಲಿಸುತ್ತಾರೆ: ಇಂಥ ಸಂಘ ದತ್ತು ಪಡೆದ ಬನ. ಮುಂದಿನ ತಲೆಮಾರಿನ ಕಾಡೇ ಆ ಪೊದೆಯ ಮರೆಯಲ್ಲಿತ್ತು. ಗುಡಿಸಿಹಾಕಿದ್ದು ಮಣ್ಣಿನ ಹೊದಿಕೆಯನ್ನು. ಸಿಮೆಂಟು ಹಾಕಿದವರು ಬನವನ್ನು ಒಂದೇ ವಾರದಲ್ಲಿ ಕೊಂದರೆ, ಸ್ವಚ್ಛಗೊಳಿಸಿದವರು ಅದರ ಸಂತಾನವನ್ನು ಕೊಂದರು. ಎರಡೂ ಕಡೆ ಕೇಳಬೇಕಾದವರನ್ನು ಯಾರೂ ಕೇಳಿರಲಿಲ್ಲ.

ಒಂದು ಆಟದಿಂದ ಪಾಠ

ಇಂಗ್ಲೆಂಡಿನ ಡಾರ್ಟ್‌ಮೂರ್ ಬೆಟ್ಟಸೀಮೆಯಲ್ಲಿ ಲೆಟರ್‌ಬಾಕ್ಸಿಂಗ್ ಎಂಬ ಹವ್ಯಾಸವೊಂದಿದೆ. 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಕ್ರಾನ್‌ಮಿಯರ್ ಎಂಬ ದುರ್ಗಮ ಜೌಗಿನಲ್ಲಿ ಒಂದು ಬಾಟಲಿಯನ್ನಿಟ್ಟು, ಅಲ್ಲಿಯವರೆಗೆ ನಡೆದುಬಂದವರು ತಮ್ಮ ಹೆಸರಿನ ಚೀಟಿ ಇಟ್ಟುಹೋಗಲೆಂದು ಏರ್ಪಾಡು ಮಾಡಿದನು. ಅದೇ ಬೆಳೆದು, ಮುದ್ರೆಯೊಂದು ಹಾಗೂ ಪುಸ್ತಕವೊಂದು ಇರುವ ಪೆಟ್ಟಿಗೆಗಳನ್ನು ಬೆಟ್ಟಗಳಲ್ಲಿ ಅಡಗಿಸುವ, ಸುಳಿವು ಹಿಡಿದು ಹುಡುಕುವ ಆಟವಾಯಿತು, ಅಮೆರಿಕಕ್ಕೂ ಹಬ್ಬಿತು. ಪೆಟ್ಟಿಗೆಯನ್ನು ಇಟ್ಟವನು ಊರು ಬಿಡಬಹುದು, ಮುಪ್ಪಾಗಬಹುದು, ಮೌನವಾಗಬಹುದು. ಪೆಟ್ಟಿಗೆ ಒದ್ದೆಯಾಗಿ ಬಿದ್ದಿರುತ್ತದೆ. ಅದನ್ನು ಕಂಡವನು ಏನು ಮಾಡಬೇಕು?

ಆ ಹವ್ಯಾಸಿಗಳ ಸಭ್ಯತೆ ಹೇಳುವುದಿಷ್ಟೆ: ಮೊದಲು ಇಟ್ಟವನನ್ನು ಕೇಳು. ಉತ್ತರ ಬರುವವರೆಗೆ ಕಾಯಿ. ಒದ್ದೆಯಾದುದನ್ನು ಒಣಗಿಸು, ಒಡೆದ ಮುಚ್ಚಳ ಬದಲಿಸು, ಆದರೆ ಮುದ್ರೆಯನ್ನು ಬದಲಿಸಬೇಡ. ಪುಸ್ತಕ ನಿನ್ನದಲ್ಲ. ಒಪ್ಪಿಗೆ ಪಡೆದು ನೋಡಿಕೊಂಡರೂ ಇಟ್ಟವನ ಹೆಸರು ಅಳಿಯದಿರಲಿ. ಡಾರ್ಟ್‌ಮೂರಿನ ನಿಯಮಾವಳಿಯಲ್ಲಿ ಇನ್ನೂ ಒಂದು ಮಾತಿದೆ: ಪುರಾತನ ಕಲ್ಲುಸಾಲು, ಸಮಾಧಿಗಳ ಬಳಿ ಪೆಟ್ಟಿಗೆ ಇಡಕೂಡದು, ಇಡುವಲ್ಲಿ ಸಿಮೆಂಟನ್ನಾಗಲಿ ಬೇರೆ ಕಟ್ಟಡ ಸಾಮಗ್ರಿಯನ್ನಾಗಲಿ ಬಳಸಕೂಡದು. ಆಟದ ಪೆಟ್ಟಿಗೆಯೊಂದಕ್ಕೆ ಇಷ್ಟು ಮರ್ಯಾದೆ ಸಲ್ಲುವುದಾದರೆ, ತಲೆಮಾರುಗಳು ನಂಬಿ ಉಳಿಸಿದ ಕಾಡಿನ ತುಣುಕಿಗೆ ಅದರಲ್ಲಿ ಅರ್ಧದಷ್ಟಾದರೂ ಸಲ್ಲಬೇಡವೇ?

ಕಾದರೆ ಕಳೆದುಹೋಗದೇ?

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಮುಂಬಯಿಯಲ್ಲಿರುವ ಯಾರನ್ನೋ ಹುಡುಕುತ್ತ ಕುಳಿತರೆ ಅಷ್ಟರಲ್ಲಿ ಜೆಸಿಬಿ ಬಂದು ಬನವನ್ನು ಸಮತಟ್ಟು ಮಾಡಿರುತ್ತದೆ ಎಂಬುದು. ಸೈಟುಗಳ ಬೆಲೆ ಏರಿದ ಹೆದ್ದಾರಿಯ ಊರುಗಳಲ್ಲಿ ಈ ಭಯ ಸುಳ್ಳಲ್ಲ. ಆದರೆ ಕಾಯುವುದಕ್ಕೂ ಕೈಕಟ್ಟಿ ಕೂರುವುದಕ್ಕೂ ವ್ಯತ್ಯಾಸವಿದೆ. ಕೊಡಲಿಯನ್ನು ತಡೆಯಲು, ಬನದೊಳಗೆ ಎಸೆದ ಪ್ಲಾಸ್ಟಿಕ್ಕನ್ನು ಹೆಕ್ಕಲು, ಬೆಂಕಿ ಆರಿಸಲು, ಪಂಚಾಯಿತಿಗೆ ಅರ್ಜಿ ಕೊಡಲು ಯಾರ ಅಪ್ಪಣೆಯೂ ಬೇಡ. ಕಡಿಯಲು, ಕಟ್ಟಲು, ಕಲ್ಲು ಕದಲಿಸಲು, ನೆಡಲು, ಹೆಸರು ಬರೆಯಲು ಅಪ್ಪಣೆ ಬೇಕು. ಕಾವಲಿಗೆ ಅವಸರವಿರಲಿ, ಬದಲಾವಣೆಗೆ ತಾಳ್ಮೆಯಿರಲಿ.

ಸರಕಾರವೇ ವಹಿಸಿಕೊಂಡರೆ ಸಾಕೆಂಬ ವಾದವೂ ಇದೆ. ಕೊಡಗಿನ ದೇವರಕಾಡುಗಳ ಚರಿತ್ರೆ ಅದಕ್ಕೆ ಉತ್ತರ. 1905ರಲ್ಲಿ ಅವು ಕಂದಾಯ ಇಲಾಖೆಯ ಸುಪರ್ದಿಗೆ ಹೋದಾಗ ಅವುಗಳ ವಿಸ್ತೀರ್ಣ ಸುಮಾರು 15,500 ಎಕರೆ. 1985ರಲ್ಲಿ ಅರಣ್ಯ ಇಲಾಖೆಗೆ ಮರಳಿದಾಗ ಉಳಿದದ್ದು ಸುಮಾರು 6,300 ಎಕರೆ. ಕಾಗದದ ಮೇಲೆ ಒಡೆಯನಿದ್ದ, ಕಾಡಿನ ಬಳಿ ಇರಲಿಲ್ಲ.

ಕೇಳುವ ಕ್ರಮ

ಹಾಗಾದರೆ ಕ್ರಮವೇನು? ಮೊದಲನೆಯದಾಗಿ, ಒಂದು ವರ್ಷ ನೋಡುವುದು. ಒಂದು ನಾಗರಪಂಚಮಿ ಕಳೆಯಲಿ. ಕಲ್ಲಿನ ಮೇಲೆ ಅರಿಶಿನದ ಕಲೆ, ಒಣಗಿದ ಹಿಂಗಾರದ ಎಸಳು, ಎಣ್ಣೆಯ ಜಿಡ್ಡು ಕಂಡರೆ ಆ ಬನಕ್ಕೆ ಜನವುಂಟು ಎಂದರ್ಥ. ಎರಡನೆಯದು, ವಿಚಾರಿಸುವುದು. ನೆರೆಮನೆಯ ಹಿರಿಯ ಹೆಂಗಸರು, ಹಿಂದೆ ಗೇಣಿ ಮಾಡುತ್ತಿದ್ದ ಮನೆಯವರು, ನಾಗನಿಗೆ ಪೂಜೆ ಸಲ್ಲಿಸುವ ಭಟ್ಟರು, ಪಹಣಿಯ ದಾಖಲೆ: ಈ ನಾಲ್ಕು ಕಡೆ ಕೇಳಿದ ಮೇಲೆಯೂ ಸುಳಿವು ಸಿಗದ ಬನಗಳು ವಿರಳ. ವೃಶ್ಚಿಕ ಮಾಸದ ಹುಣ್ಣಿಮೆಯ ಕೊಡಿಹಬ್ಬಕ್ಕೆ ಪರವೂರಿನಲ್ಲಿರುವ ಮನೆಮಂದಿಯೂ ಕೋಟೇಶ್ವರಕ್ಕೆ ಬಂದಿರುತ್ತಾರೆ; ಕೇಳಲು ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಮೂರನೆಯದು, ದಾಖಲಿಸುವುದು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಸಿದ್ಧವಾಗಬೇಕು. ಬನದ ಮರಗಳು, ಅದರ ಕುಟುಂಬ, ಹಬ್ಬದ ದಿನ ಇವೆಲ್ಲ ಆ ಪುಸ್ತಕಕ್ಕೆ ಏರಲಿ. ವಿದ್ಯಾರ್ಥಿಗಳ ಉತ್ಸಾಹಕ್ಕೆ ಕತ್ತಿಗಿಂತ ಲೇಖನಿ ಒಪ್ಪುವ ಕೆಲಸ ಇದು. ರಾಜಸ್ಥಾನದ ಓರಣಗಳ ಪ್ರಕರಣದಲ್ಲಿ 2024ರ ಡಿಸೆಂಬರ್ 18ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್ ಕೂಡ ಇಂಥ ಪವಿತ್ರ ವನಗಳನ್ನು ಗುರುತಿಸಿ ಕಾಪಾಡಬೇಕೆಂದಿದೆ. ಗುರುತಿಸುವುದೇ ಮೊದಲ ರಕ್ಷಣೆ. ನಾಲ್ಕನೆಯದು, ಯಾರೂ ಸಿಗದಿದ್ದರೆ ಊರಿನ ನಾಲ್ಕು ಜನರ ಎದುರು ಕಾವಲು ವಹಿಸಿಕೊಳ್ಳುವುದು, ಮತ್ತು ಕುಟುಂಬದವರು ಬಂದ ದಿನ ಯಾವ ಲೆಕ್ಕವನ್ನೂ ಕೇಳದೆ ಒಪ್ಪಿಸುವುದು. ಮರಳಿ ಕೊಡಲು ಸಿದ್ಧನಿಲ್ಲದವನು ಕಾವಲುಗಾರನಲ್ಲ, ಒತ್ತುವರಿದಾರ.

ಇದು ಕರಾವಳಿಯ ಮಾತಷ್ಟೇ ಎಂದು ಘಟ್ಟದ ಮೇಲಿನವರು ಸುಮ್ಮನಿರುವಂತಿಲ್ಲ. ಮಲೆನಾಡಿನ ಚೌಡಿಬನ, ಭೂತನಬನ, ದೇವರಕಾಡುಗಳ ಒಡೆಯರೂ ಊರು ಬಿಡುತ್ತಿದ್ದಾರೆ. ಅಲ್ಲಿಯೂ ನಾಳೆ ಸಿಮೆಂಟು ಬರುತ್ತದೆ, ಫಲಕವೂ ಬರುತ್ತದೆ.

ಕೊಡಿಹಬ್ಬದ ದಿನ ಕೋಟಿತೀರ್ಥದ ದಂಡೆಯುದ್ದಕ್ಕೂ ಜನ ಅಕ್ಕಿ ಹಾಕುತ್ತ ಸುತ್ತು ಬರುತ್ತಾರೆ. ಕೆರೆ ತನ್ನದೆಂದು ಅವರಲ್ಲಿ ಯಾರೂ ಹೇಳುವುದಿಲ್ಲ, ದಂಡೆಯಲ್ಲಿ ಹೆಸರು ಬರೆಯುವುದಿಲ್ಲ. ಹಿಡಿ ಅಕ್ಕಿ ಹಾಕಿ, ಮುಂದಿನವರಿಗೆ ದಾರಿ ಬಿಟ್ಟು ಮನೆಗೆ ಹೋಗುತ್ತಾರೆ. ದತ್ತು ಪಡೆಯಲು ಹೊರಟವರು ಮೊದಲು ಅಲ್ಲಿಗೆ ಹೋಗಿ ಒಂದು ಸುತ್ತು ಬರಲಿ.