ಟೆಂಡರ್ ಯಾರಿಗೆ, ಪುಸ್ತಕ ಯಾವಾಗ?

ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಪೋಷಕರು ಕೇಳುವ ಮೊದಲ ಮಾತು, "ಪುಸ್ತಕ ಬಂತಾ ಸಾರ್?" ತಮಿಳು ಮಾಧ್ಯಮದ ಮಕ್ಕಳ ಕೈಯಲ್ಲಿ ಹೊಸ ಪುಸ್ತಕ, ಪಕ್ಕದ ಕೊಠಡಿಯ ಕನ್ನಡ ಮಕ್ಕಳ ಮುಂದೆ ಅಕ್ಕನೋ ಅಣ್ಣನೋ ಓದಿ ಬಿಟ್ಟ ಹಳೆಯ ಪುಸ್ತಕ ಎಂದಾದರೆ ನಿಮಗೆ ಸಿಟ್ಟು ಬರುವುದು ಸಹಜವೇ. ಆ ಸಿಟ್ಟು ಮೇಷ್ಟರ ಮೇಲೆ ಬೀಳುತ್ತದೆ. ಇಲ್ಲವಾದರೆ "ಕನ್ನಡದವರೆಂದರೆ ಸರ್ಕಾರಕ್ಕೆ ತಾತ್ಸಾರ" ಎಂಬ ಮಾತಾಗಿ ಟೀ ಅಂಗಡಿಯಲ್ಲಿ ಮುಗಿದುಹೋಗುತ್ತದೆ. ತಾತ್ಸಾರವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ತಾತ್ಸಾರಕ್ಕೆ ಅರ್ಜಿ ಹಾಕಲು ಬರುವುದಿಲ್ಲ. ಹಿಡಿದು ಕೇಳಬಹುದಾದ ಕಾರಣಗಳು ಬೇರೆ ಇವೆ, ಅವು ಸರ್ಕಾರ ಸಾಮಾನು ಕೊಳ್ಳುವ ಪದ್ಧತಿಯಲ್ಲಿವೆ. ಅದನ್ನು ಪೋಷಕರು ತಿಳಿದಿರಬೇಕು.

ತಮಿಳುನಾಡಿನಲ್ಲಿ ಸರ್ಕಾರಿ ಖರೀದಿಗೆ 1998ರ ಟೆಂಡರ್ ಪಾರದರ್ಶಕತೆ ಕಾಯ್ದೆ ಇದೆ, 2000ದ ನಿಯಮಗಳಿವೆ. ಕರ್ನಾಟಕದ್ದು ಇದರ ಬೆನ್ನಿಗೇ ಬಂದ 1999ರ ಕಾಯ್ದೆ. ನಿಮ್ಮ ಮಕ್ಕಳ ಪಠ್ಯಪುಸ್ತಕ ಅಚ್ಚು ಹಾಕಿಸುವುದು ಚೆನ್ನೈಯಲ್ಲಿರುವ ತಮಿಳುನಾಡು ಪಠ್ಯಪುಸ್ತಕ ಮತ್ತು ಶಿಕ್ಷಣ ಸೇವಾ ನಿಗಮ. ಚೀಲ, ಪಾದರಕ್ಷೆ, ಜಾಮಿಟ್ರಿ ಬಾಕ್ಸ್ ಕೊಳ್ಳುವುದೂ ಅದೇ. ನಿಗಮ ಟೆಂಡರ್ ಕರೆಯುತ್ತದೆ. ಬರುವ ಮುದ್ರಕನೋ ವ್ಯಾಪಾರಿಯೋ ಠೇವಣಿ ಕಟ್ಟಿ ಎರಡು ಲಕೋಟೆ ಕೊಡಬೇಕು. ಈಗ ಅದು ಹೆಚ್ಚಾಗಿ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಮೊದಲನೆಯದರಲ್ಲಿ ಅವನ ಯೋಗ್ಯತೆ: ವರ್ಷಕ್ಕೆ ಎಷ್ಟು ವಹಿವಾಟು, ಎಂಥ ಯಂತ್ರ, ಹಿಂದೆ ಇಂಥ ಕೆಲಸ ಮಾಡಿದ್ದಾನೆಯೇ, ಮಾದರಿ ಹೇಗಿದೆ. ಎರಡನೆಯದರಲ್ಲಿ ದರ. ಮೊದಲನೆಯದರಲ್ಲಿ ತೇರ್ಗಡೆಯಾದವರ ಎರಡನೆಯ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ. ಅವರಲ್ಲಿ ಯಾರ ದರ ಕಡಿಮೆಯೋ ಅವರಿಗೆ ಕೆಲಸ.

"ಅಗ್ಗದವನಿಗೆ ಕೊಟ್ಟರು, ಅದಕ್ಕೇ ಕಳಪೆ" ಎನ್ನುವುದು ನಮ್ಮ ಊರುಗಳಲ್ಲಿ ಸಿದ್ಧ ಮಾತು. ಅದು ಅರ್ಧ ಸತ್ಯ. ಬಟ್ಟೆ ಎಷ್ಟು ದಪ್ಪ, ಹೊಲಿಗೆ ಹೇಗೆ, ಜಿಪ್ ಎಂಥದು ಎಂದು ಷರತ್ತಿನಲ್ಲಿ ಬರೆದು, ಬಂದ ಮಾಲನ್ನು ಅದೇ ಷರತ್ತಿಗೆ ಹಿಡಿದು ನೋಡಿದರೆ ಅಗ್ಗದ ದರದಲ್ಲೂ ಒಳ್ಳೆಯ ಚೀಲ ಬರುತ್ತದೆ. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಒಂದು ವರ್ಷ ಬಂದ ಚೀಲಗಳ ಜಿಪ್ ಆಯುಧಪೂಜೆಯವರೆಗೂ ಬಾಳಲಿಲ್ಲ. ಮಕ್ಕಳು ಪಿನ್ನು ಚುಚ್ಚಿಕೊಂಡು ಬರುತ್ತಿದ್ದರು. ನಾನು ಬರೆದ ದೂರಿಗೆ ಬಂದ ಉತ್ತರ, "ಸ್ವೀಕರಿಸುವಾಗ ಆಕ್ಷೇಪ ದಾಖಲಾಗಿಲ್ಲ." ಲಾರಿ ಬಂದಿದ್ದು ಸಂಜೆ ಐದೂವರೆಗೆ. ಮೂಟೆ ಎಣಿಸಿ ಸಹಿ ಹಾಕಿ ಎಂದರೆ ಯಾವ ಮೇಷ್ಟರು ಒಂದೊಂದೇ ಜಿಪ್ ಎಳೆದು ನೋಡುತ್ತಾರೆ? ಟೆಂಡರಿನ ಷರತ್ತು ಎಷ್ಟೇ ಬಿಗಿಯಾಗಿರಲಿ, ಮಾಲು ಇಳಿಯುವ ಜಾಗದಲ್ಲಿ ಅದು ಸಡಿಲವಾದರೆ ಅಲ್ಲಿಗೆ ಮುಗಿಯಿತು.

ಇನ್ನು ಕನ್ನಡ ಪುಸ್ತಕದ ಮಾತು. ಇಲ್ಲಿ ಲೆಕ್ಕವೇ ನಮಗೆ ವಿರುದ್ಧ. ಅಚ್ಚಿಗೆ ಪ್ಲೇಟು ಮಾಡುವ, ಯಂತ್ರ ಅಣಿಗೊಳಿಸುವ ಖರ್ಚು ಸಾವಿರ ಪ್ರತಿಗೂ ಅಷ್ಟೆ, ಲಕ್ಷ ಪ್ರತಿಗೂ ಅಷ್ಟೆ. ತಮಿಳು ಪುಸ್ತಕ ಲಕ್ಷಗಳಲ್ಲಿ ಓಡುತ್ತದೆ. ಹೊಸೂರು, ತಳಿ, ತಾಳವಾಡಿ ಕಡೆಯ ನಮ್ಮ ಶಾಲೆಗಳದ್ದನ್ನೆಲ್ಲ ಕೂಡಿಸಿದರೂ ಒಂದು ತರಗತಿಯ ಒಂದು ವಿಷಯಕ್ಕೆ ಸಣ್ಣ ಸಂಖ್ಯೆ. ಎರಡೂ ಕೆಲಸ ಕೈಯಲ್ಲಿರುವ ಮುದ್ರಕ ಯಾವುದನ್ನು ಮೊದಲು ಯಂತ್ರಕ್ಕೆ ಏರಿಸುತ್ತಾನೆ, ಹೇಳಿ. ಅವನದು ಭಾಷಾದ್ವೇಷವಲ್ಲ, ವ್ಯಾಪಾರ. ಅದರ ಮೇಲೆ ಕನ್ನಡ ಪುಸ್ತಕ ತಮಿಳು ಮೂಲದಿಂದ ಅನುವಾದವಾಗಿ, ಅಕ್ಷರ ಜೋಡಣೆಯಾಗಿ, ಕರಡು ತಿದ್ದಿ ಬರಬೇಕು. ಮೂಲ ತಡವಾದಷ್ಟೂ ನಮ್ಮದು ಇನ್ನಷ್ಟು ತಡ. ಕೆಳ ತರಗತಿಗಳಿಗೆ ವರ್ಷವನ್ನು ಮೂರು ಅವಧಿ ಮಾಡಿ ಅವಧಿಗೊಂದು ಪುಸ್ತಕ ಕೊಡುವುದರಿಂದ, ಒಂದು ತಿಂಗಳ ವಿಳಂಬವೆಂದರೆ ಆ ಪುಸ್ತಕದ ಪಾಠದಲ್ಲಿ ಮೂರನೆಯ ಒಂದು ಭಾಗವೇ ಹೋದಂತೆ.

ಮುದ್ರಕನ ಒಳ್ಳೆಯತನವನ್ನು ನಂಬಿ ಕೂರುವಂತಿಲ್ಲ. ಅಲ್ಪಸಂಖ್ಯಾತ ಭಾಷೆಗಳ ಪುಸ್ತಕಕ್ಕೂ ತಮಿಳು ಪುಸ್ತಕದ ಗಡುವೇ ಇರಬೇಕು, ತಡವಾದರೆ ದಂಡ ಪ್ರತ್ಯೇಕವಾಗಿ ಬೀಳಬೇಕು, ಅದು ಕರಾರಿನಲ್ಲಿ ಬರೆದಿರಬೇಕು ಎಂಬುದೇ ನಮ್ಮ ಬೇಡಿಕೆಯಾಗಬೇಕು. ಕನ್ನಡ, ತೆಲುಗು, ಮಲಯಾಳ, ಉರ್ದು ಪುಸ್ತಕಗಳನ್ನು ಬೇರೆ ಕಂತು ಮಾಡಿ ಕರೆದರೆ ವಹಿವಾಟಿನ ಮಿತಿಯನ್ನೂ ಇಳಿಸಬಹುದು, ಸಣ್ಣ ಮುದ್ರಣಾಲಯಗಳಿಗೂ ಬಾಗಿಲು ತೆರೆಯುತ್ತದೆ. ದೊಡ್ಡ ವಹಿವಾಟಿನ ಷರತ್ತು ಇದ್ದ ಕಡೆ ಊರಿನ ಪ್ರೆಸ್ಸಿನವನು ಮೊದಲ ಲಕೋಟೆಯಲ್ಲೇ ಬಿದ್ದುಹೋಗುತ್ತಾನೆ.

ಇಷ್ಟೆಲ್ಲ ಚೆನ್ನೈಯಲ್ಲಿ ಆಗಬೇಕಾದದ್ದು. ನಿಮ್ಮ ಊರಿನಲ್ಲೇ ಆಗಬೇಕಾದದ್ದು ಒಂದಿದೆ, ನನಗೆ ಅದೇ ಹೆಚ್ಚು ಮುಖ್ಯ. ಎಷ್ಟು ಪುಸ್ತಕ ಬೇಕೆಂಬ ಲೆಕ್ಕ ಹೊರಡುವುದು ಶಾಲೆಯ ದಾಖಲಾತಿಯಿಂದ. 'ಎಮಿಸ್' ಎಂಬ ಕಂಪ್ಯೂಟರ್ ದಾಖಲೆಯಲ್ಲಿ ಪ್ರತಿ ಮಗುವಿನ ಹೆಸರಿನ ಜೊತೆ ಬೋಧನಾ ಮಾಧ್ಯಮವೂ ಇರುತ್ತದೆ. ಅಲ್ಲಿ 'ಕನ್ನಡ' ಎಂದಿರಬೇಕಾದ ಕಡೆ 'ತಮಿಳು' ಎಂದಿದ್ದರೆ ನಿಮ್ಮ ಮಗುವಿನ ಕನ್ನಡ ಪುಸ್ತಕ ಬೇಡಿಕೆಪಟ್ಟಿಗೇ ಸೇರುವುದಿಲ್ಲ. ಆಮೇಲೆ ಯಾವ ಟೆಂಡರ್ ಎಷ್ಟು ನೆಟ್ಟಗೆ ನಡೆದರೇನು? ಶಾಲೆಗೆ ಹೋಗಿ ನಿಮ್ಮ ಮಗುವಿನ ಸಾಲನ್ನು ತೋರಿಸಿ ಎಂದು ಕೇಳಿ. ಮೇಷ್ಟರು ಬೇಸರ ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೂ ಕೇಳಿ.

ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಸಭೆಗೆ ಕರೆದಾಗ ಸಹಿ ಹಾಕಿ ಬೋಂಡಾ ತಿಂದು ಬರುವುದಕ್ಕಷ್ಟೇ ಆ ಕುರ್ಚಿ ಇಲ್ಲ. ಮಾಲು ಬಂದ ದಿನ ಸಮಿತಿಯ ಇಬ್ಬರು ಶಾಲೆಯಲ್ಲಿರಲಿ, ಚೀಲ ಬಿಚ್ಚಲಿ, ಕಂಡ ಕೊರತೆಯನ್ನು ಬರೆಸಲಿ. ಟೆಂಡರಿನಲ್ಲಿ ಸೋತ ವ್ಯಾಪಾರಿಗೆ ಮೇಲ್ಮನವಿಯ ಹಕ್ಕು ಕಾಯ್ದೆಯಲ್ಲಿದೆ, ಪೋಷಕರಿಗೆ ಇಲ್ಲ. ನಿಮಗಿರುವುದು 2005ರ ಮಾಹಿತಿ ಹಕ್ಕು. ಹತ್ತು ರೂಪಾಯಿಯ ಅರ್ಜಿ, 30 ದಿನದ ಗಡುವು. "ಪುಸ್ತಕ ಯಾಕೆ ಬಂದಿಲ್ಲ?" ಎಂದು ಬರೆದರೆ ಜಾರಿಕೆಯ ಉತ್ತರ ಬರುತ್ತದೆ. ಕನ್ನಡ ಮಾಧ್ಯಮದ ಇಂಥ ತರಗತಿಯ ಪುಸ್ತಕದ ಕಾರ್ಯಾದೇಶದ ಪ್ರತಿ, ಪೂರೈಕೆಯ ಗಡುವು, ಪೂರೈಸಿದ ದಿನ, ವಿಧಿಸಿದ ದಂಡ, ಹೀಗೆ ದಾಖಲೆಯನ್ನು ಹೆಸರಿಸಿ ಕೇಳಿ.

ಈ ಪುಟ ಓದುವ ಕಾಸರಗೋಡಿನವರಿಗೆ ಕಾಕ್ಕನಾಡಿನ ಸರ್ಕಾರಿ ಮುದ್ರಣ ಸಂಸ್ಥೆ, ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಪುಣೆಯ ಬಾಲಭಾರತಿ. ಕಚೇರಿ ಬೇರೆಯಾದರೂ ಕೇಳಬೇಕಾದ ದಾಖಲೆ ಇವೇ. ತಾಳವಾಡಿ, ಹೊಸೂರು ಕಡೆಯವರು ಅರ್ಜಿಯನ್ನು ತಮಿಳಿನಲ್ಲೇ ಬರೆದರೆ ಕೆಲಸ ಬೇಗ. ನಿಮ್ಮ ಮಕ್ಕಳು ತಮಿಳನ್ನೂ ಕಲಿಯುತ್ತಿದ್ದಾರೆ, ಅವರ ಕೈಯಲ್ಲೇ ಬರೆಸಿ.